ಐದು ಅಂಕದ ಪತ್ರ

ಸರಸಂಬಾ
2 ಜನವರಿ 2025

ನನ್ನ ಮಗಳೂ ಈಗ ನನ್ನ ಅಕ್ಕೋರೂ ಆಗಿರುವ ಪಂಚಶೀಲಾಗೆ ಅವ್ವನ ಜೈಭೀಮ್.

ನೀನು ಹೇಳಿದಂತೆ ಫೋನಿನಲ್ಲಿ ಪಾಠದ ಮಾತು ಬಂದ್. ಹದಿನೈದು ದಿನಕ್ಕೊಂದು ಪತ್ರ, ಅದೂ ಪುಸ್ತಕದ ಕನ್ನಡದಲ್ಲಿ, ಗೆರೆ ದಾಟದ ಅಕ್ಷರದಲ್ಲಿ. ಬರೆದು ಬರೆದೇ ಕೈ ಪಳಗಬೇಕು ಎನ್ನುತ್ತೀಯ. ಜೇವರ್ಗಿಯ ನಿನ್ನ ಶಾಲೆಯ ಹುಡುಗಿಯರಿಗೂ ಇಷ್ಟೇ ಕಟ್ಟುನಿಟ್ಟೋ, ಹೆತ್ತವಳೆಂದು ನನಗೊಬ್ಬಳಿಗೇ ಈ ಸವಲತ್ತೋ ತಿಳಿಯದು. ಏಳನೆಯ ತರಗತಿಗೆ ಕೆಳಗಿಟ್ಟ ಪೆನ್ನನ್ನು ನಲವತ್ತನಾಲ್ಕಕ್ಕೆ ಎತ್ತಿಕೊಂಡರೆ ಬೆರಳು ನೋಯುತ್ತವೆ. ಅಂಗನವಾಡಿಯಲ್ಲಿ ನಲವತ್ತು ಕೂಸುಗಳಿಗೆ ದಿನಾ ಅನ್ನ ಸಾರು ಮಾಡಿದರೂ ನೋಯದ ಬೆರಳು ಇವು.

ಆದರೂ ಬರೆಯುತ್ತೇನೆ. ನಮ್ಮ ಅಂಗನವಾಡಿ ನಡೆಸುವ ಗುರುಶಾಂತಮ್ಮ ಅಕ್ಕೋರು ಜೂನ್ ಕೊನೆಗೆ ನಿವೃತ್ತರಾಗುತ್ತಾರೆ. ನಾನು ಹತ್ತನೆಯದು ಪಾಸಾದರೆ ಅವರ ಜಾಗ ನನಗೆ. ಆದರೆ ನಲವತ್ತೈದು ತುಂಬುವುದರೊಳಗೆ ಆಗಬೇಕು, ನನಗೆ ಜುಲೈ ಹತ್ತಕ್ಕೆ ತುಂಬುತ್ತದೆ. ಈ ವರ್ಷ ತಪ್ಪಿದರೆ ತಪ್ಪಿತು. ಹೊಸದಾಗಿ ಬರುವ ಯಾವಳೋ ಇಪ್ಪತ್ತೆರಡರ ಹುಡುಗಿಯ ಕೈಕೆಳಗೆ ಉಳಿದ ಆಯುಷ್ಯವೆಲ್ಲ ಆಯಾ ಆಗಿಯೇ ಕಳೆಯಬೇಕು. ಬೇರೆ ಯಾವ ವಿಷಯಕ್ಕೂ ಅಂಜುವುದಿಲ್ಲ, ಇಂಗ್ಲಿಷಿಗೆ ಅಂಜುತ್ತೇನೆ.

ಪಾಠದಲ್ಲಿ ‘ಪುಟ್ ಟುಗೆದರ್’ ಎಂದು ಬಂತು. ಪುಟ್ ಎಂದರೆ ಇಡು, ಟುಗೆದರ್ ಎಂದರೆ ಒಟ್ಟಿಗೆ. ಹಾಗೆ ಓದಿದರೆ ಪಾಠದ ಮುದುಕ ಗಡಿಯಾರದ ಚಕ್ರಗಳನ್ನೆಲ್ಲ ಒಟ್ಟಿಗೆ ಇಟ್ಟ, ಗಡಿಯಾರ ನಡೆಯಿತು ಎಂದಾಗುತ್ತದೆ. ಒಟ್ಟಿಗೆ ಇಟ್ಟ ಮಾತ್ರಕ್ಕೆ ಗಡಿಯಾರ ನಡೆಯುತ್ತದೆಯೇ? ಮೊನ್ನೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ ಮಾಡಿದೆ. ಹಸಿ ಕಡಲೆ, ಅವರೆ, ತೊಗರಿ, ಮೆಂತೆ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಎಲ್ಲ ಒಂದೇ ಗಡಿಗೆಯಲ್ಲಿ ಬೇಯಿಸಿದೆ. ನಾನು ಮಾಡಿದ್ದೂ ಪುಟ್ ಟುಗೆದರ್ ಹೌದೋ ಅಲ್ಲವೋ ಬರೆ. ನಿಮ್ಮಪ್ಪ ಸಜ್ಜೆ ರೊಟ್ಟಿಯ ಜೊತೆ ಮೂರು ಸಲ ಹಾಕಿಸಿಕೊಂಡರು. ನೀನು ಬರಲಿಲ್ಲ.

ನಿನ್ನ ಅವ್ವ,
ಮಲ್ಕಮ್ಮ


ಜೇವರ್ಗಿ
11 ಜನವರಿ 2025

ಪ್ರೀತಿಯ ಅವ್ವನಿಗೆ ಜೈಭೀಮ್.

ನಿನ್ನ ಪತ್ರದಲ್ಲಿ ಹನ್ನೊಂದು ತಪ್ಪು. ಕೆಂಪು ಪೆನ್ನಿನಿಂದ ಗುರುತು ಹಾಕಿ ಇದರ ಜೊತೆಗೇ ಕಳಿಸಿದ್ದೇನೆ. ಸಿಟ್ಟಿಗೇಳಬೇಡ, ನನ್ನ ಹುಡುಗಿಯರದು ಇದಕ್ಕಿಂತ ಹೆಚ್ಚು ಇರುತ್ತವೆ.

ಗಡಿಯಾರದ ಪ್ರಶ್ನೆ ಕೇಳಿದೆಯಲ್ಲ, ಅದಕ್ಕೆ ನಿನಗೆ ಶಭಾಷ್. ನನ್ನ ತರಗತಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ. ಜೋಡಿಯ ಅರ್ಥ ಬೇರೆಯೇ ಇರುತ್ತದೆ, ಒಂದೊಂದನ್ನೇ ಬಿಡಿಸಿ ನೋಡಿದರೆ ಕೈಗೆ ಹತ್ತುವುದಿಲ್ಲ. ಪುಟ್ ಟುಗೆದರ್ ಎಂದರೆ ಬಿಡಿಭಾಗಗಳನ್ನು ತಂದು, ಯಾವುದು ಎಲ್ಲಿ ಕೂಡಬೇಕೋ ಅಲ್ಲಿ ಕೂಡಿಸಿ, ಒಂದು ವಸ್ತು ಮಾಡುವುದು. ತೊಟ್ಟಿಲು, ಸೈಕಲ್ಲು, ಗಡಿಯಾರ. ಕೂಡಿಸಿದ ಮೇಲೂ ಚಕ್ರ ಚಕ್ರವೇ, ಸರಪಳಿ ಸರಪಳಿಯೇ. ಭಜ್ಜಿಯಲ್ಲಿ ಅವರೆ ಯಾವುದು ಕಡಲೆ ಯಾವುದು ಎನ್ನುವಂತಿರುವುದಿಲ್ಲ, ಅದಕ್ಕೆ ‘ಮಿಕ್ಸ್’ ಎನ್ನು. ಆದರೆ ಇದ್ದಬದ್ದದ್ದರಲ್ಲಿ ಅವಸರಕ್ಕೆ ಒಂದು ಅಡುಗೆ ಹೊಂದಿಸಿದೆ ಎನ್ನುವಾಗ ಪುಟ್ ಟುಗೆದರ್ ನಡೆಯುತ್ತದೆ. ಇನ್ನೊಂದು ನೆನಪಿಡು, ವಸ್ತುವಿನ ಹೆಸರಿದ್ದರೆ ಜೋಡಿಯ ನಡುವೆಯೂ ಇಡಬಹುದು, ಆಮೇಲೂ ಇಡಬಹುದು. ‘ಅದು’, ‘ನೀನು’ ಎಂಬಂಥ ಸಣ್ಣ ಪದವಿದ್ದರೆ ನಡುವೆಯೇ ಇಡಬೇಕು. ಪುಟ್ ಇಟ್ ಟುಗೆದರ್. ಇವತ್ತಿಗೂ ಪುಟ್, ನಿನ್ನೆಗೂ ಪುಟ್, ಭೂತಕಾಲಕ್ಕೆ ಬದಲಾಗುವುದಿಲ್ಲ.

ಅಲ್ಲಿಷ್ಟು ಇಲ್ಲಿಷ್ಟು ಗೊತ್ತಿರುವ ಸಂಗತಿಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದಕ್ಕೂ ಇದನ್ನು ಬಳಸುತ್ತಾರೆ. ಉದಾಹರಣೆ ಕೊಡುತ್ತೇನೆ. ಆರು ವರ್ಷದ ಒಬ್ಬ ಹುಡುಗಿ. ಅವಳ ಅವ್ವ ಊರ ಮಕ್ಕಳನ್ನೆಲ್ಲ ಉಣಿಸಿ ಆಡಿಸುವವಳು. ಮನೆಯಿಂದ ಕೂಗಳತೆಯಲ್ಲಿ ಶಾಲೆ ಇದೆ. ಆದರೂ ಆ ಅವ್ವ ಒಬ್ಬಳೇ ಮಗಳನ್ನು ದೂರದ ಅಫಜಲಪುರ ತಾಲೂಕಿನ ಆಶ್ರಮಶಾಲೆಗೆ ಹಾಕುತ್ತಾಳೆ. ಬಿಟ್ಟುಬರಲು ಅಪ್ಪ ಹೋಗುತ್ತಾನೆ, ಅಳು ನಿಲ್ಲಿಸಲು ಸೊನ್ನದ ಬ್ಯಾರೇಜಿನ ನೀರು ತೋರಿಸುತ್ತಾನೆ. ಅವ್ವ ಮನೆಯ ಬಾಗಿಲವರೆಗೂ ಬರುವುದಿಲ್ಲ. ಹದಿನೆಂಟು ವರ್ಷದಿಂದ ಆ ಹುಡುಗಿ ಈ ತುಂಡುಗಳನ್ನು ಕೂಡಿಸುತ್ತಿದ್ದಾಳೆ, ಕೂಡುತ್ತಿಲ್ಲ. ನನ್ನನ್ನು ಯಾಕೆ ಕಳಿಸಿದೆ ಅವ್ವ? ಊರಿಗೆ ಬಂದಾಗಲೆಲ್ಲ ನಾನು ಬೀಗರ ಮನೆಗೆ ಬಂದಂತೆ ಎರಡು ದಿನ ಇದ್ದು ಹೊರಡುವುದು ಅದಕ್ಕೇ.

ಪುಟ್ ಟುಗೆದರ್ ಬಳಸಿ ಐದು ವಾಕ್ಯ ಬರೆದು ಕಳಿಸು.

ನಿನ್ನ ಮಗಳು,
ಪಂಚಶೀಲಾ


ಸರಸಂಬಾ
27 ಜನವರಿ 2025

ಪಂಚಿಗೆ,

ವಾಕ್ಯಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೈ ಹಸ್ಬಂಡ್ ಪುಟ್ ಟುಗೆದರ್ ಎ ವಾಲ್ ಎಂಬುದು ಮೊದಲನೆಯದು. ನಿಮ್ಮಪ್ಪನಿಗೆ ಓದಿ ಹೇಳಿದೆ, ಬಹಳ ಖುಷಿಪಟ್ಟರು. ಆಮೇಲೆ ಗುರುಶಾಂತಮ್ಮ ಅಕ್ಕೋರು ನೋಡಿ, ಗೋಡೆಗೆ ಹಾಗೆ ಅನ್ನುವುದಿಲ್ಲ, ಬಿಲ್ಡ್ ಅನ್ನಬೇಕು ಎಂದರು. ನಿಮ್ಮಪ್ಪನಿಗೆ ಮುಖ ಸಣ್ಣದಾಯಿತು. “ಇಟ್ಟಂಗಿ ಒಂದೊಂದೇ ತಂದು ಕೂಡಿಸವ ನಾನು. ನಂದು ಕೂಡಿಸಾದಲ್ಲಂದ್ರ ಇನ್ಯಾರದು?” ಎಂದು ದಿನವಿಡೀ ಗೊಣಗಿದರು. ಗೋಡೆ ಕಟ್ಟುವ ಗೌಂಡಿಗಳ ಮಾತು ಕೇಳದೆ ಇಂಗ್ಲಿಷಿನವರು ಪುಸ್ತಕ ಬರೆದದ್ದು ತಪ್ಪೇ.

ಅಂಗನವಾಡಿಗೆ ಬಂದ ಪ್ಲಾಸ್ಟಿಕ್ ಜಾರುಬಂಡೆಯನ್ನು ನಾನೇ ಕೂಡಿಸಿದೆ, ಅದು ಎರಡನೆಯ ವಾಕ್ಯ. ಒಂದು ತಿರುಪು ಉಳಿದಿದೆ. ಜಾರುಬಂಡೆ ನಿಂತಿದೆ, ಹಾಗಾಗಿ ಅದರ ವಿಚಾರ ಯಾರಿಗೂ ಹೇಳಿಲ್ಲ.

ಅಕ್ಕೋರು ದಿನಾ ಮಧ್ಯಾಹ್ನ ಮಕ್ಕಳು ಮಲಗಿದಾಗ ಒಂದು ತಾಸು ಗಣಿತ ಹೇಳಿಕೊಡುತ್ತಾರೆ. ಪರೀಕ್ಷೆಯ ಫಾರ್ಮು ತುಂಬಿದವರೂ ಅವರೇ. “ನೀ ಯಾಕ ಅಂಜ್ತಿ ಮಲ್ಕವ್ವ, ನನ್ನ ಖುರ್ಚಿ ಮ್ಯಾಲ ನೀನೇ ಕುಂದರಬೇಕು” ಎನ್ನುತ್ತಾರೆ. ಇಷ್ಟು ಒಳ್ಳೆಯ ಮನುಷ್ಯರು. ಇಪ್ಪತ್ತು ವರ್ಷದಿಂದ ಬುತ್ತಿಯನ್ನೂ ನೀರಿನ ಬಾಟಲಿಯನ್ನೂ ಮನೆಯಿಂದಲೇ ತರುತ್ತಾರೆ. ನಾನು ಮಾಡಿದ್ದನ್ನು ಒಂದು ದಿನವೂ ಬಾಯಿಗೆ ಹಾಕಿಲ್ಲ. ನಾನೂ ಬಡಿಸಲೇ ಎಂದು ಕೇಳಿಲ್ಲ.

ನಿನ್ನ ಉದಾಹರಣೆ ಚೆನ್ನಾಗಿತ್ತು. ಊರ ಶಾಲೆಯಲ್ಲಿ ಆಗ ಮಾಸ್ತರರು ಸರಿಯಿರಲಿಲ್ಲ. ಥಂಡಿ ಬಹಳ, ಸ್ವೆಟರ್ ಹಾಕಿಕೋ.

ನಿನ್ನ ಅವ್ವ


ಜೇವರ್ಗಿ
18 ಫೆಬ್ರುವರಿ 2025

ಅವ್ವನಿಗೆ,

ಮಾಸ್ತರರು ಸರಿಯಿದ್ದರು. ಅದೇ ಶಾಲೆಯಲ್ಲಿ ಅದೇ ಮಾಸ್ತರರ ಕೈಯಲ್ಲಿ ಓದಿದ ಹುಡುಗರು ಈಗ ಒಳ್ಳೊಳ್ಳೆಯ ಕೆಲಸದಲ್ಲಿದ್ದಾರೆ. ನಿನಗೆ ಹೇಳಲು ಮನಸ್ಸಿಲ್ಲದಿದ್ದರೆ ಬಿಡು, ಥಂಡಿಯ ಮಾತು ತರಬೇಡ.

ಪರೀಕ್ಷೆಯ ವಿಚಾರ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಪತ್ರ ಬರೆಯುವ ಪ್ರಶ್ನೆ ಇದ್ದೇ ಇರುತ್ತದೆ, ಐದು ಅಂಕ. ನಿನಗೆ ಅದೇ ಎಲ್ಲಕ್ಕಿಂತ ಸುಲಭ, ಒಂದೂವರೆ ತಿಂಗಳಿಂದ ಪತ್ರ ಬರೆಯುತ್ತಿದ್ದೀಯ. ‘ನೀನು ಇಂಥವನೆಂದು ಭಾವಿಸಿಕೊಂಡು ಇಂಥವರಿಗೆ ಬರೆ’ ಎಂದು ಕೊಟ್ಟಿರುತ್ತಾರೆ. ಅವರು ಕೊಟ್ಟ ಹೆಸರನ್ನೇ ಬಳಸು. ವಿಳಾಸ, ತಾರೀಖು, ಒಕ್ಕಣೆ, ಕೊನೆಗೆ ಸಹಿ. ಅರ್ಧದಷ್ಟು ಅಂಕ ಅದಕ್ಕೇ ಬರುತ್ತದೆ.

ಆಳಂದದ ಪರೀಕ್ಷಾ ಕೇಂದ್ರಕ್ಕೆ ಅಪ್ಪನನ್ನು ಕರೆದುಕೊಂಡು ಹೋಗು. ಬಸ್ಸು ತಪ್ಪೀತು, ಬೇಗ ಹೊರಡು.

ಪಂಚಶೀಲಾ


ಸರಸಂಬಾ
6 ಏಪ್ರಿಲ್ 2025

ಪಂಚಿಗೆ,

ಪರೀಕ್ಷೆ ಮುಗಿಯಿತು. ನನ್ನ ಬೆಂಚಿನಲ್ಲಿ ಹದಿನಾರರ ಒಬ್ಬ ಹುಡುಗಿ, ಹೆಸರು ಫರಹೀನ. ಮೊದಲ ದಿನ ನನ್ನನ್ನು ಮೇಲ್ವಿಚಾರಕಿ ಎಂದು ತಿಳಿದು ಎದ್ದುನಿಂತಳು. ಎರಡನೆಯ ದಿನದಿಂದ ನನಗೆ ಅವಳ ಪೆನ್ನು ಹಿಡಿದುಕೊಂಡಿರುವ ಕೆಲಸ, ಅವಳಿಗೆ ನನ್ನ ಚೀಲದ ಶೇಂಗಾ ಹೋಳಿಗೆ. ಗಣಿತ ಪಾಸಾಗುತ್ತದೆ. ಸಮಾಜ ವಿಜ್ಞಾನದಲ್ಲಿ ಗೊತ್ತಿಲ್ಲದ್ದನ್ನೂ ಧೈರ್ಯವಾಗಿ ಬರೆದೆ. ಇಂಗ್ಲಿಷಿನಲ್ಲಿ ಪತ್ರ ಬರೆದೆ, ಒಂದೂವರೆ ಪುಟ. ಬರೆಯುತ್ತ ಬರೆಯುತ್ತ ಬೇರೆ ಎರಡು ಪ್ರಶ್ನೆಗೆ ವೇಳೆ ಸಾಲಲಿಲ್ಲ. ಅದರ ಬಗ್ಗೆ ಹೆಚ್ಚು ಕೇಳಬೇಡ.

ಬೇಸಿಗೆ ರಜೆಗೆ ಬರುತ್ತೀಯಲ್ಲ?

ನಿನ್ನ ಅವ್ವ


ಜೇವರ್ಗಿ
4 ಮೇ 2025

ಅವ್ವ,

ಫಲಿತಾಂಶದ ದಿನ ಫೋನಿನಲ್ಲಿ ನೀನು ಅಳಲಿಲ್ಲ, ಆದ್ದರಿಂದ ನಾನೂ ಅಳಲಿಲ್ಲ. ಇಟ್ಟ ಮೇಲೆ ಅತ್ತೆ.

ಬೇರೆ ಎಲ್ಲ ವಿಷಯದಲ್ಲಿ ಪಾಸಾದವಳು ಇಂಗ್ಲಿಷಿನಲ್ಲಿ ನಾಲ್ಕೇ ಅಂಕಕ್ಕೆ ಹೇಗೆ ಹೋದೆ ಎಂಬುದು ನನಗೆ ತಿಳಿಯುತ್ತಿಲ್ಲ. ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದ್ದೇನೆ. ಮೇ ಕೊನೆಗೆ ಎರಡನೆಯ ಪರೀಕ್ಷೆ ಇದೆ, ಅದರ ಫಲಿತಾಂಶ ಜೂನಿನಲ್ಲಿ. ಅಂದರೆ ನಿನಗೆ ಇನ್ನೊಂದೇ ಅವಕಾಶ. ನಾನು ರಜೆಗೆ ಬಂದು ಕೂತು ಓದಿಸುತ್ತಿದ್ದೆ, ಆದರೆ ಇಲ್ಲಿ ಹತ್ತನೆಯವರಿಗೆ ವಿಶೇಷ ತರಗತಿ ಹಚ್ಚಿದ್ದಾರೆ. ಪುಸ್ತಕ ಕೆಳಗಿಡಬೇಡ.

ಪಂಚಶೀಲಾ


ಜೇವರ್ಗಿ
13 ಮೇ 2025

ನನ್ನ ಅವ್ವನಿಗೆ,

ನಿನ್ನ ಉತ್ತರಪತ್ರಿಕೆ ಬಂತು. ಮಸೂದ ಎಂಬ ಹುಡುಗನೆಂದು ಭಾವಿಸಿಕೊಂಡು, ಶಾಲೆಯ ವಾರ್ಷಿಕೋತ್ಸವದ ಬಗ್ಗೆ ತಂದೆಗೆ ಪತ್ರ ಬರೆ ಎಂದು ಕೇಳಿದ್ದರು. ನೀನು ಸರಸಂಬಾದ ಮಲ್ಕಮ್ಮಳಾಗಿಯೇ, ಜೇವರ್ಗಿಯ ಪಂಚಶೀಲಾಗೆ ಬರೆದಿದ್ದೀಯ. ಪುಟದ ಮೇಲೆ ಅಡ್ಡ ಗೆರೆ, ಪಕ್ಕದಲ್ಲಿ ಸೊನ್ನೆ. ಆ ಮೌಲ್ಯಮಾಪಕರ ತಪ್ಪಿಲ್ಲ, ನಾನಿದ್ದರೂ ಸೊನ್ನೆಯನ್ನೇ ಕೊಡಬೇಕಿತ್ತು.

ನೀನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ನಾನು ಒಂದು ಸಲ ನನ್ನ ಕೈಯಿಂದ ಬರೆಯಬೇಕು.

‘ಪ್ರೀತಿಯ ಮಗಳೇ, ನಾನು ಚೆನ್ನಾಗಿದ್ದೇನೆ. ಆಗ ನಿನಗೆ ನಾಲ್ಕು ವರ್ಷ. ನಾನು ಹೊಸ ಆಯಾ. ಮಕ್ಕಳು ಒಂದು ಸಾಲಿನಲ್ಲಿ ಕೂತರು. ನಿನ್ನನ್ನು ಅವರ ಜೊತೆ ಸೇರಿಸಲಿಲ್ಲ. ಬಾಗಿಲ ಹತ್ತಿರ ಕೂರಿಸಿದೆ. ಯಾರೂ ಹೇಳಲಿಲ್ಲ. ಅಕ್ಕೋರು ಹೇಳಲಿಲ್ಲ. ನಾನೇ ಮಾಡಿದೆ. ನನಗೆ ಕೆಲಸದ ಭಯ. ಎರಡು ವರ್ಷ ನೀನು ಬಾಗಿಲ ಹತ್ತಿರ ಉಂಡೆ. ನಿಮ್ಮಪ್ಪ ಆಶ್ರಮಶಾಲೆ ನೋಡಿ ಬಂದರು. ಅಲ್ಲಿ ಎಲ್ಲ ಮಕ್ಕಳು ಒಂದೇ ಸಾಲು ಎಂದರು. ಅದಕ್ಕೆ ಕಳಿಸಿದೆ. ನಾನು ಬಿಡಲು ಬರಲಿಲ್ಲ. ಬಂದಿದ್ದರೆ ವಾಪಸ್ ಕರೆತರುತ್ತಿದ್ದೆ. ನಿನ್ನ ವಿಶ್ವಾಸದ, ಮಲ್ಕಮ್ಮ.’

‘ನಿನ್ನನ್ನು ಸೇರಿಸಲಿಲ್ಲ’ ಎನ್ನುವಲ್ಲಿ ಪುಟ್ ಯೂ ಟುಗೆದರ್ ಎಂದಿದ್ದೀಯ. ಸಣ್ಣ ಪದವನ್ನು ನಾನು ಹೇಳಿಕೊಟ್ಟಂತೆ ನಡುವೆಯೇ ಇಟ್ಟಿದ್ದೀಯ. ಮನುಷ್ಯರಿಗೆ ಆ ಮಾತನ್ನು ಹೀಗೆ ಬಳಸುವುದಿಲ್ಲ ಎಂದು ತಿದ್ದಲು ಕೆಂಪು ಪೆನ್ನು ತೆಗೆದೆ. ಮುಚ್ಚಿಟ್ಟೆ.

ಆ ಬಾಗಿಲು ನನಗೆ ನೆನಪಿದೆ ಅವ್ವ. ಅಲ್ಲಿ ಕೂತರೆ ಒಲೆ ಕಾಣುತ್ತಿತ್ತು, ಒಲೆಯ ಮುಂದೆ ನೀನು. ಒಳಗೆ ಸಾಲಿನಲ್ಲಿ ಕೂತವರಿಗೆ ಗೋಡೆ ಬಿಟ್ಟು ಏನೂ ಕಾಣದು. ನಾನು ನಿನ್ನ ಮಗಳಾದ್ದರಿಂದ ನನಗೆ ಆ ಒಳ್ಳೆಯ ಜಾಗ ಕೊಟ್ಟಿದ್ದೀಯ ಎಂದು ತಿಳಿದಿದ್ದೆ. ದೊಡ್ಡವಳಾದ ಮೇಲೂ ಹಾಗೇ ತಿಳಿದಿದ್ದೆ, ಈ ಕಾಗದ ನೋಡುವ ತನಕ. ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿದೆ. ಆದರೆ ಅದು ನಿನ್ನ ಮೇಲಲ್ಲ, ಯಾರೂ ಹೇಳದೆಯೇ ನಿನಗೆ ಅಷ್ಟು ಅಂಜಿಕೆ ಕಲಿಸಿದ ಊರಿನ ಮೇಲೆ. ಒಂದು ಮಾತು ಮಾತ್ರ ಕೇಳುತ್ತೇನೆ. ನನಗೆ ಹೇಳದ್ದನ್ನು ಗುರುತಿಲ್ಲದ ಮೌಲ್ಯಮಾಪಕರಿಗೆ ಯಾಕೆ ಹೇಳಿದೆ?

ಪತ್ರಿಕೆಯ ಪ್ರತಿ ಇದರ ಜೊತೆಗಿದೆ.

ನಿನ್ನ ಪಂಚಿ


ಸರಸಂಬಾ
19 ಮೇ 2025

ನನ್ನ ಪಂಚಿಗೆ,

ಕಾಗದ ಚೀಲಕ್ಕೆ ಸೇರುತ್ತದೆ, ಚೀಲ ಗೋದಾಮಿಗೆ ಸೇರುತ್ತದೆ, ಆಮೇಲೆ ರದ್ದಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಅರ್ಜಿ ಹಾಕಿ ತರಿಸಿಕೊಳ್ಳಬಹುದು ಎಂದು ಪರೀಕ್ಷೆಗೆ ಮುಂಚೆ ನೀನು ಒಂದು ಪತ್ರದಲ್ಲೂ ಬರೆದಿರಲಿಲ್ಲ. ಗೊತ್ತಿದ್ದರೆ ಮಸೂದನ ವಾರ್ಷಿಕೋತ್ಸವವನ್ನೇ ಬರೆಯುತ್ತಿದ್ದೆ.

ಅಲ್ಲಿ ಕೂತಾಗ ಮಸೂದನ ಹೆಸರು ಬರೆಯಲು ಪೆನ್ನು ಇಳಿಸಿದೆ. ನಾನು ಜೀವನದಲ್ಲಿ ಪತ್ರ ಅಂತ ಬರೆದದ್ದು ನಿನಗೊಬ್ಬಳಿಗೆ. ಕೈ ತಾನಾಗಿ ನಿನ್ನ ಹೆಸರು ಬರೆಯಿತು. ನಿನ್ನ ಹೆಸರಿನ ಕೆಳಗೆ ಬರೆಯಲು ನನ್ನಲ್ಲಿ ಇದ್ದದ್ದು ಅದೊಂದೇ ಮಾತು. ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ಮಾಸ್ತರರು ಸರಿಯಿರಲಿಲ್ಲ, ಥಂಡಿ ಇತ್ತು ಎಂದು ನೂರು ನೆಪ ಸಿಗುತ್ತಿದ್ದವು. ಇಂಗ್ಲಿಷಿನಲ್ಲಿ ನೆಪ ಹೇಳುವಷ್ಟು ಮಾತು ನನಗೆ ಬರುವುದಿಲ್ಲ. ಇದ್ದದ್ದು ಇದ್ದಂತೆ ಬಂತು.

ನಿನಗೆ ಅದು ಒಳ್ಳೆಯ ಜಾಗವಾಗಿತ್ತೆಂದು ಓದಿ, ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಅತ್ತೆ. ಹದಿನೆಂಟು ವರ್ಷದ್ದು ಇತ್ತು, ಬೇಗ ಮುಗಿಯಲಿಲ್ಲ.

ಗುರುಶಾಂತಮ್ಮ ಅಕ್ಕೋರು ಯಾಕೆ ಫೇಲಾದೆ ಎಂದು ದಿನಾ ಕೇಳುತ್ತಿದ್ದರು. ನೀನು ಕಳಿಸಿದ ಪ್ರತಿಯನ್ನು ಕೊಟ್ಟುಬಿಟ್ಟೆ. ಅವರಿಗೆ ನನಗಿಂತ ಹೆಚ್ಚು ಇಂಗ್ಲಿಷ್ ಬರುತ್ತದೆ. ಓದಿದರು, ಮಡಚಿದರು, ಕೊಟ್ಟರು. “ನಾ ಹೇಳಲಿಲ್ಲ ಖರೆ. ಬ್ಯಾಡಂತನೂ ಹೇಳಲಿಲ್ಲಲ್ಲ ಮಲ್ಕವ್ವ” ಎಂದರು. ಅಂದು ಬುತ್ತಿ ಬಿಚ್ಚಲಿಲ್ಲ. ಗಣಿತದ ತಾಸಿನಲ್ಲಿ ಈಗ ಇಂಗ್ಲಿಷ್ ಪತ್ರ ಬರೆಸುತ್ತಿದ್ದಾರೆ. ಮಸೂದನಾಗಿ ಮೂರು, ಬಸವಂತರಾಯನಾಗಿ ಎರಡು ಬರೆದಿದ್ದೇನೆ. ಈ ಹುಡುಗರಿಗೆಲ್ಲ ಎಷ್ಟು ಸುಖವಾದ ಶಾಲೆಗಳು.

ನಿನ್ನ ಅವ್ವ


ಸರಸಂಬಾ
3 ಜುಲೈ 2025

ನನ್ನ ಪಂಚಿಗೆ ಅವ್ವನ ಜೈಭೀಮ್.

ಪಾಸಾದ ದಿನ ನೀನು ಫೋನಿನಲ್ಲಿ ಕೂಗಿದ್ದು ನಿಮ್ಮಪ್ಪನಿಗೆ ಗೋಡೆ ಕಟ್ಟುವ ಅಟ್ಟಣಿಗೆಯ ಮೇಲೆ ನಿಂತಲ್ಲಿಗೇ ಕೇಳಿಸಿತು. ಪತ್ರಕ್ಕೆ ಐದಕ್ಕೆ ನಾಲ್ಕಂತೆ. ಮಸೂದನ ತಂದೆಗೆ ನಾನು ಬರೆದದ್ದರಲ್ಲಿ ಒಂದೂ ನಿಜವಿಲ್ಲ.

ಮೊನ್ನೆ ಒಂದನೆಯ ತಾರೀಖು ಚಾರ್ಜು ತೆಗೆದುಕೊಂಡೆ. ಹೊಸ ಸಹಾಯಕಿ ಇನ್ನೂ ಬಂದಿಲ್ಲ, ಹಾಗಾಗಿ ಹಾಜರಿ ಹಾಕುವವಳೂ ನಾನೇ, ಒಲೆ ಹಚ್ಚುವವಳೂ ನಾನೇ. ಬೆಳಿಗ್ಗೆ ಚಾಪೆಗಳನ್ನು ಉದ್ದಕ್ಕೆ ಹಾಸಿದೆ. ಮಕ್ಕಳನ್ನು ಬಂದ ಬಂದ ಹಾಗೆ ಕೂರಿಸಿದೆ, ಯಾರ ಮನೆಯದೆಂದು ನೋಡಲಿಲ್ಲ. ಇಬ್ಬರು ತಾಯಂದಿರು ಬಾಗಿಲಲ್ಲಿ ನಿಂತು ನೋಡಿ, ಕೂಸಿಗೆ ಜ್ವರ ಬಂದಂತಿದೆ ಎಂದು ಕರೆದುಕೊಂಡು ಹೋದರು. ಕೂಸುಗಳ ಮೈ ತಣ್ಣಗಿತ್ತು. ನಾನು ಉಳಿದವರ ಹಾಜರಿ ಹಾಕಿದೆ. ಇನ್ನೂ ನಾಲ್ಕು ಮಂದಿ ಹಾಗೇ ಎದ್ದರೆ ಏನು ಗತಿ ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದೆ.

ಹತ್ತೂವರೆಗೆ ಗುರುಶಾಂತಮ್ಮ ಅಕ್ಕೋರು ಬಂದರು. ಹಿಂದಿನ ದಿನವಷ್ಟೇ ಹಾರ ಹಾಕಿ ಬೀಳ್ಕೊಟ್ಟಿದ್ದೆವು, ಏನೋ ಮರೆತು ಹೋಗಿರಬೇಕು ಎಂದುಕೊಂಡೆ. ಮೂರು ವರ್ಷದ ಮೊಮ್ಮಗಳು ಭಾಗ್ಯಜ್ಯೋತಿ ಅವರ ಸೆರಗು ಹಿಡಿದಿತ್ತು. ತಾವು ಇಷ್ಟು ವರ್ಷ ನಡೆಸಿದ ಮನೆಗೆ ಅವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

“ಇಕಿ ಹೆಸರು ಹಚ್ಚಲಿಕ್ಕ ಬಂದೀನ್ರಿ ಅಕ್ಕೋರೆ” ಎಂದರು. “ಎಲ್ಲಿ ಕುಂದ್ರಸ್ಲಿ ಹೇಳ್ರಿ.”

ಮಗುವಿನ ಕೈ ಹಿಡಿದುಕೊಂಡು ಹೋಗಿ ಸಾಲಿನ ನಡುವೆ, ನಮ್ಮ ಓಣಿಯ ರಮಾಬಾಯಿಯ ಮೊಮ್ಮಗನ ಪಕ್ಕದಲ್ಲಿ ಕೂರಿಸಿದೆ. ಅದು ಕೂತದ್ದೇ ಅವನ ಕೈಯಿಂದ ಬಳಪ ಕಸಿದುಕೊಂಡಿತು. ಮಧ್ಯಾಹ್ನದ ತನಕ ಅಕ್ಕೋರು ಹೋಗಲಿಲ್ಲ. ತಾಟು ಹಾಕುವಾಗ ಒಂದು ತಾಟು ತಾವೇ ತೆಗೆದುಕೊಂಡು ಮೊಮ್ಮಗಳ ಬಗಲಿಗೆ ಕೂತರು. ನಾನು ಬಡಿಸಿದೆ. ಉಂಡರು. ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದರು, ನಿವೃತ್ತಿಯಾದರೂ ಬಾಯಿ ಸುಮ್ಮನಿರುವುದಿಲ್ಲ. ಮರುದಿನ ಜ್ವರದ ಕೂಸುಗಳಲ್ಲಿ ಒಂದು ವಾಪಸ್ ಬಂತು. ಇನ್ನೊಂದು ಇವತ್ತಿಗೂ ಬಂದಿಲ್ಲ.

ಆ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಕಸ ಗುಡಿಸಿದೆ. ಬೀಗ ಹಾಕುವ ಮುಂಚೆ, ನೀನು ಕೂರುತ್ತಿದ್ದ ಆ ಬಾಗಿಲ ಹತ್ತಿರ ನಾನೂ ಹೋಗಿ ಕೂತೆ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಒಮ್ಮೆಯೂ ಕೂತಿರಲಿಲ್ಲ. ಮೈ ಕುಗ್ಗಿಸಿ, ನಿನ್ನಷ್ಟು ಗಿಡ್ಡಳಾಗಿ, ತಲೆ ತಗ್ಗಿಸಿ ನೋಡಿದೆ.

ಹೌದು ಪಂಚಿ. ಅಲ್ಲಿಂದ ಒಲೆ ಕಾಣುತ್ತದೆ.

ನಿನ್ನ ಅವ್ವ,
ಮಲ್ಕಮ್ಮ